ಎಂಜಿನ್ನಿನ ಸುಳ್ಳು ಚಳಿ

ತಿಪಟೂರು–ತುಮಕೂರು ಹೆದ್ದಾರಿಗೆ ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ಅಡ್ಡಬರುವ ಜಾಗ ಕಿಬ್ಬನಹಳ್ಳಿ ಕ್ರಾಸ್. ಸುತ್ತಲ ತೆಂಗಿನ ಸೀಮೆಯ ಗಾಡಿಗಳೆಲ್ಲ ಹಾಯುವ ಇಂಥ ಕೂಡುರಸ್ತೆಯ ಗ್ಯಾರೇಜುಗಳಿಗೆ ಒಂದು ದೂರು ಹೊಸದಲ್ಲ: “ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಬಿಸಿಯಾದ ಮೇಲೆ ಐಡ್ಲಿಂಗ್ ನಿಲ್ಲಲ್ಲ, ಗಡಗಡ ಅಲ್ಲಾಡುತ್ತೆ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ.” ಜೊತೆಗೆ ಸೈಲೆನ್ಸರಿನಿಂದ ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಇಳಿದ ಮೈಲೇಜು. ಪ್ಲಗ್ ಬದಲಾಯಿಸಿ, ಥ್ರಾಟಲ್ ತೊಳೆದು, ಇಂಜೆಕ್ಟರ್ ಬಿಚ್ಚಿದರೂ ರೋಗ ಹೋಗದಿದ್ದಾಗ ಅನುಮಾನ ಹೋಗಬೇಕಾದದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಭಾಗದ ಕಡೆಗೆ. ಅದೇ ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಎಷ್ಟು ಬಿಸಿಯಿದೆಯೆಂದು ಹೇಳುವ ಕೂಲಂಟ್ ಟೆಂಪರೇಚರ್ ಸೆನ್ಸರ್.

ಪೆಟ್ರೋಲ್ ಉರಿಯಬೇಕಾದರೆ ಮೊದಲು ಆವಿಯಾಗಬೇಕು. ತಣ್ಣನೆಯ ಎಂಜಿನ್ನಿನಲ್ಲಿ ಅದರ ಒಂದಷ್ಟು ಪಾಲು ಆವಿಯಾಗದೆ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಹೆಚ್ಚು ಪೆಟ್ರೋಲ್ ಕೊಡಬೇಕು. ಕಾರ್ಬುರೇಟರ್ ಕಾಲದಲ್ಲಿ ಚಾಲಕನೇ ಚೋಕ್ ಎಳೆದು ಈ ಕೆಲಸ ಮಾಡುತ್ತಿದ್ದ. ಗಾಡಿ ಬಿಸಿಯಾದ ಮೇಲೆ ಚೋಕ್ ಒತ್ತುತ್ತಿದ್ದ. ಈಗ ಅದನ್ನು ಇ.ಸಿ.ಯು. ಎಂಬ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕಾದ ಎಂಜಿನ್ನಿಗೆ ಅದು 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿಯ ಲೆಕ್ಕ ಹಿಡಿಯುತ್ತದೆ. ತಣ್ಣಗಿದೆ ಎಂದು ಸೆನ್ಸರ್ ಹೇಳಿದರೆ ಪೆಟ್ರೋಲ್ ಹೆಚ್ಚಿಸುತ್ತದೆ. ಸೆನ್ಸರ್ ಹೇಳಿದ್ದೇ ಸುಳ್ಳಾದರೆ, ಕಾದ ಎಂಜಿನ್ನಿಗೂ ಚೋಕ್ ಎಳೆದೇ ಇಟ್ಟಂತಾಗುತ್ತದೆ. ಓಟದಲ್ಲಿರುವಾಗ ಗಾಳಿಯ ಹರಿವು ಜೋರಾಗಿರುವುದರಿಂದ ಈ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಎದ್ದು ಕಾಣುತ್ತದೆ.

ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್ ಎಂಬ ಪುಟ್ಟ ಗುಳಿಗೆ. ತಾಮ್ರದ ತಂತಿ ಕಾದರೆ ಅದರ ವಿದ್ಯುತ್ ರೋಧ ಏರುತ್ತದೆ. ಈ ಗುಳಿಗೆ ಕಾದರೆ ರೋಧ ಇಳಿಯುತ್ತದೆ. ಬೆಳ್ಳಿಯ ಸಲ್ಫೈಡಿನಲ್ಲಿ ಈ ವಿಚಿತ್ರ ಗುಣವನ್ನು ಮೈಕೆಲ್ ಫ್ಯಾರಡೆ 1833ರಲ್ಲೇ ದಾಖಲಿಸಿದ್ದ. ಇಂದಿನ ಗುಳಿಗೆಗಳನ್ನು ಸಾಮಾನ್ಯವಾಗಿ ಮ್ಯಾಂಗನೀಸ್, ನಿಕ್ಕಲ್, ಕೋಬಾಲ್ಟ್‌ನಂಥ ಲೋಹಗಳ ಆಕ್ಸೈಡುಗಳನ್ನು ಬೆರೆಸಿ ಸುಟ್ಟು ಮಾಡುತ್ತಾರೆ. ಮ್ಯಾಂಗನೀಸ್ ಅದಿರಿಗೆ ಪಕ್ಕದ ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲೇ ಹೆಸರುವಾಸಿ. ಹಲವು ಕಾರುಗಳ ಸೆನ್ಸರುಗಳಲ್ಲಿ ರೋಧ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 2,000ದಿಂದ 3,000 ಓಂ ಇದ್ದು, 80 ಡಿಗ್ರಿಗೆ 300 ಓಂ ಆಸುಪಾಸಿಗೆ ಇಳಿಯುತ್ತದೆ. ಇ.ಸಿ.ಯು. 5 ವೋಲ್ಟ್ ಕಳಿಸಿ, ಸೆನ್ಸರಿನ ಬಳಿ ಎಷ್ಟು ಉಳಿಯಿತೆಂದು ನೋಡಿ ಉಷ್ಣತೆಯನ್ನು ಲೆಕ್ಕ ಹಾಕುತ್ತದೆ. ವೋಲ್ಟೇಜ್ ಹೆಚ್ಚಿದ್ದರೆ ತಣ್ಣಗಿದೆ, ಕಡಿಮೆಯಿದ್ದರೆ ಕಾದಿದೆ ಎಂದರ್ಥ.

ಪೂರ್ತಿ ಸತ್ತ ಸೆನ್ಸರನ್ನು ಹಿಡಿಯುವುದು ಸುಲಭ. ವೈರ್ ತುಂಡಾದರೆ ಮಾಪನ ಮೈನಸ್ 40 ಡಿಗ್ರಿಗೆ ಬೀಳುತ್ತದೆ. ತಿಪಟೂರಿನಲ್ಲಿ ಅಂಥ ಚಳಿ ಇಲ್ಲವೆಂದು ಕಂಪ್ಯೂಟರಿಗೂ ಗೊತ್ತು. ಚೆಕ್ ಲೈಟ್ ಹತ್ತುತ್ತದೆ, ಪಿ0118 ಎಂಬ ಕೋಡ್ ದಾಖಲಾಗುತ್ತದೆ. ಎರಡು ವೈರ್ ತಾಗಿ ಶಾರ್ಟ್ ಆದರೆ ಪಿ0117. ಹೀಗಾದಾಗ ಅನೇಕ ಗಾಡಿಗಳಲ್ಲಿ ಇ.ಸಿ.ಯು. ರೇಡಿಯೇಟರ್ ಫ್ಯಾನನ್ನು ಬಿಡದೆ ಓಡಿಸಿ, ತನ್ನದೇ ಅಂದಾಜಿನಲ್ಲಿ ಗಾಡಿ ನಡೆಸುತ್ತದೆ. ಕಷ್ಟ ಕೊಡುವುದು ನಂಬುವಂಥ ಸುಳ್ಳು ಹೇಳುವ ಸೆನ್ಸರ್. ಎಂಜಿನ್ 85 ಡಿಗ್ರಿಯಲ್ಲಿದ್ದಾಗ ಅದು 40 ಎಂದರೆ, 40 ಎಂಬುದೂ ಸಾಧ್ಯವಿರುವ ಸಂಖ್ಯೆಯೇ ಆದ್ದರಿಂದ ಎಷ್ಟೋ ಸಲ ಲೈಟ್ ಹತ್ತುವುದೇ ಇಲ್ಲ. ಪೆಟ್ರೋಲ್ ಹೆಚ್ಚಾದದ್ದನ್ನು ಸೈಲೆನ್ಸರಿನ ಹೊಗೆ ನೋಡುವ ಆಕ್ಸಿಜನ್ ಸೆನ್ಸರ್ ಗುರುತಿಸಿದರೂ, ಎಂಜಿನ್ ಇನ್ನೂ ತಣ್ಣಗಿದೆಯೆಂದು ನಂಬಿದ ಇ.ಸಿ.ಯು. ಅದರ ಮಾತಿಗೆ ಕಿವಿಗೊಡದಿರಬಹುದು.

ಆದ್ದರಿಂದ ಸೆನ್ಸರಿನ ಮಾತಿಗೆ ಬೇರೊಂದು ಸಾಕ್ಷಿ ಬೇಕು. ಅಟ್ಟದ ಮೇಲಿನ ಕಾಯಿಯನ್ನು ಒಡೆಯದೆ, ಕಿವಿಯ ಬಳಿ ಅಲ್ಲಾಡಿಸಿಯೇ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವ ಸೀಮೆ ಇದು. ಎಂಜಿನ್ನಿನ ಮೊದಲ ಪರೀಕ್ಷೆಗೂ ಏನನ್ನೂ ಬಿಚ್ಚಬೇಕಿಲ್ಲ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಇ.ಸಿ.ಯು.ನ ಅಂಕಿಗಳನ್ನು ಓದುವ ಸ್ಕ್ಯಾನರ್ ಹಾಕಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಕೂಲಂಟಿನ ಉಷ್ಣತೆ, ಎಂಜಿನ್ನಿಗೆ ಹೋಗುವ ಗಾಳಿಯ ಉಷ್ಣತೆ, ಹೊರಗಿನ ಉಷ್ಣತೆ ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಆಮೇಲೆ ಸ್ಟಾರ್ಟ್ ಮಾಡಿ ನೋಡುತ್ತಿರಿ. ಮಾಪನ ಒಂದೇ ಸಮನೆ ಏರಿ 80–90ರ ಹತ್ತಿರ ನಿಲ್ಲಬೇಕು. ನಡುವೆ ಜಿಗಿದು ಬಿದ್ದರೆ ಕನೆಕ್ಟರ್ ಸಡಿಲವಾಗಿರಬಹುದು, ಅಥವಾ ಕೊಬ್ಬರಿ ಮನೆಯ ಪಕ್ಕ ನಿಂತ ಗಾಡಿಯಾದರೆ ಇಲಿ ವೈರ್ ಕಡಿದಿರಬಹುದು.

ಎರಡನೆಯದು ವೈರಿಂಗ್ ಪರೀಕ್ಷೆ. ಇದನ್ನು ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಕನೆಕ್ಟರ್ ಕಿತ್ತಾಗ ಸ್ಕ್ಯಾನರಿನಲ್ಲಿ ಮೈನಸ್ 40ರ ಆಸುಪಾಸು, ಅದರ ಎರಡೂ ವೈರ್ ಕೂಡಿಸಿದಾಗ 120ಕ್ಕೂ ಮೇಲೆ ಕಂಡರೆ ವೈರಿಂಗ್, ಇ.ಸಿ.ಯು. ಎರಡೂ ಸರಿಯಿವೆ. ಉಳಿದದ್ದು ಸೆನ್ಸರ್. ಅದನ್ನು ಬಿಚ್ಚಿ, ತುದಿಯನ್ನು ಬಿಸಿನೀರಿನಲ್ಲಿ ಅದ್ದಿ, ಮಲ್ಟಿಮೀಟರಿನ ಅಂಕಿಯನ್ನು ಕಂಪನಿಯ ಕೋಷ್ಟಕಕ್ಕೆ ಹೋಲಿಸಬೇಕು. ಈ ಸೀಮೆ ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರನ್ನು 100 ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಥರ್ಮಾಮೀಟರ್ ಜೊತೆಗಿಟ್ಟುಕೊಳ್ಳಿ.

ಸೆನ್ಸರಿನ ತಪ್ಪಿಲ್ಲದೆಯೂ ಮಾಪನ ಕಡಿಮೆ ಬರಬಹುದು. ಕೂಲಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲಾದ ಥರ್ಮೋಸ್ಟಾಟ್ ತೆರೆದೇ ಉಳಿದರೆ ಎಂಜಿನ್ ನಿಜಕ್ಕೂ ಬೇಗ ಕಾಯುವುದಿಲ್ಲ. ರೇಡಿಯೇಟರಿನ ಮೇಲಿನ ಹೋಸ್ ಮೊದಲಿನಿಂದಲೇ ಮೆಲ್ಲಗೆ ಬಿಸಿಯಾಗುತ್ತಾ ಬರುವುದು ಅದರ ಗುರುತು. ಕೂಲಂಟ್ ಕಡಿಮೆಯಾಗಿ ಸೆನ್ಸರ್ ಗಾಳಿಯಲ್ಲಿ ನಿಂತರೂ ಮಾಪನ ಕೆಡುತ್ತದೆ. ಡ್ಯಾಶ್‌ಬೋರ್ಡಿನ ಹೀಟ್ ಮೀಟರ್ ಸರಿಯಿದೆ ಎಂದು ಸುಮ್ಮನಾಗುವಂತಿಲ್ಲ. ಹಳೆಯ ಹಲವು ಗಾಡಿಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇ.ಸಿ.ಯು.ಗೆ ಇನ್ನೊಂದು. ರೇಡಿಯೇಟರಿಗೆ ಬೋರ್‌ವೆಲ್ ನೀರು ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಗಡಸು ನೀರಿನ ಸುಣ್ಣ ಸೆನ್ಸರಿನ ತುದಿಗೆ ಕಟ್ಟಿಕೊಂಡರೆ ಬಿಸಿ ಅದಕ್ಕೆ ತಡವಾಗಿ ತಲುಪುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳ ಮಾತ್ರ ತೆಗೆಯಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಐಡ್ಲಿಂಗ್ ಕೆಟ್ಟರೆ ಕಾರಣ ಸೆನ್ಸರೇ ಆಗಬೇಕೆಂದಿಲ್ಲ. ಗಾಳಿ ಸೋರುವ ಪೈಪು, ಕೊಳೆ ಕಟ್ಟಿದ ಥ್ರಾಟಲ್, ಸವೆದ ಪ್ಲಗ್ ಕೂಡ ಇದೇ ಗೋಳು ಕೊಡುತ್ತವೆ. ಹಾಗೆಂದೇ ಒಂದೊಂದಾಗಿ ಭಾಗ ಬದಲಾಯಿಸುವ ಮುನ್ನ ಮೆಕ್ಯಾನಿಕ್ಕನ್ನು ಒಂದು ಮಾತು ಕೇಳಿ: “ಕೂಲಂಟ್ ಎಷ್ಟು ಡಿಗ್ರಿ ತೋರಿಸ್ತಿದೆ, ನಿಜಕ್ಕೂ ಎಷ್ಟಿದೆ?” ಈ ಎರಡು ಅಂಕಿ ಕೈಗೆ ಸಿಗುವ ತನಕ ಹೊಸ ಭಾಗಕ್ಕೆ ದುಡ್ಡು ಹಾಕಬೇಡಿ.