ಹುಟ್ಟುಗುಣವೇ ಅಪರಾಧದ ಮೂಲವೇ?

ಕೆಲವು ತಿಂಗಳುಗಳ ಹಿಂದೆ ತಾಯಿಯೊಬ್ಬರು ಹದಿನಾಲ್ಕು ವರ್ಷದ ಮಗನನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಬಾಲಕನು ಮನೆಯಲ್ಲಿ ಹಣ ಕದ್ದಿದ್ದನು. ಸಿಟ್ಟಿನ ಭರದಲ್ಲಿ ಸಹಪಾಠಿಯನ್ನು ಕಲ್ಲಿನಿಂದ ಹೊಡೆದಿದ್ದನು. "ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ಅಂತಾರ್ರಿ ಡಾಕ್ಟ್ರೇ. ನನ್ನ ಮಗ ಮುಂದ ಜೈಲಿಗೇ ಹೋಗಾಂವೇನ್ರಿ?" ಎಂದು ಆ ತಾಯಿ ಕಣ್ಣೀರಿಟ್ಟರು. ಈ ಪ್ರಶ್ನೆಗೆ ಉತ್ತರಿಸುವುದು ಔಷಧ ಬರೆದುಕೊಡುವಷ್ಟು ಸುಲಭವಲ್ಲ.

ಅಪರಾಧಿಯನ್ನು ಹುಟ್ಟಿನಿಂದಲೇ ಗುರುತಿಸಬಹುದೆಂಬ ಭ್ರಮೆ ಹಳೆಯದು. ಇಟಲಿಯ ವೈದ್ಯ ಲೊಂಬ್ರೋಸೋ 1876ರ ತನ್ನ ಗ್ರಂಥದಲ್ಲಿ ತಲೆಬುರುಡೆ, ಮುಖಲಕ್ಷಣಗಳಿಂದ ಅಪರಾಧಿಯನ್ನು ಗುರುತಿಸಬಹುದೆಂದು ವಾದಿಸಿದನು. ಅದಕ್ಕೂ ಮೊದಲೇ, 1871ರಲ್ಲಿ, ಬ್ರಿಟಿಷ್ ಸರ್ಕಾರವು ನಮ್ಮ ದೇಶದ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಘೋಷಿಸುವ ಕಾಯ್ದೆ ತಂದಿತ್ತು. ಆ ಕಾಯ್ದೆ 1952ರಲ್ಲಿ ರದ್ದಾಯಿತು. ಲೊಂಬ್ರೋಸೋನ ವಾದವನ್ನೂ ವಿಜ್ಞಾನವು ತಳ್ಳಿಹಾಕಿತು.

ಹಾಗೆಂದು ಸ್ವಭಾವಕ್ಕೂ ಅಪರಾಧಕ್ಕೂ ನಂಟೇ ಇಲ್ಲವೆನ್ನಲಾಗದು. ಮುಂದಾಲೋಚನೆಯಿಲ್ಲದ ದುಡುಕು, ಬೇಗ ಕೆರಳುವ ಕೋಪ, ಪರರ ನೋವಿಗೆ ಕರಗದ ಮನಸ್ಸು ಇವು ಅಪರಾಧದೆಡೆಗೆ ಎಳೆಯುವ ಗುಣಗಳೆಂದು ಮನಶ್ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ 1972-73ರಲ್ಲಿ ಜನಿಸಿದ ಸುಮಾರು ಸಾವಿರ ಮಕ್ಕಳನ್ನು ಸಂಶೋಧಕರು ದಶಕಗಳ ಕಾಲ ಅಭ್ಯಸಿಸಿದರು. ಮೂರರಿಂದ ಹನ್ನೊಂದರ ವಯಸ್ಸಿನಲ್ಲಿ ಆತ್ಮಸಂಯಮ ಕಡಿಮೆಯಿದ್ದವರು 32ನೆಯ ವಯಸ್ಸಿನ ಹೊತ್ತಿಗೆ ನ್ಯಾಯಾಲಯದಲ್ಲಿ ಶಿಕ್ಷೆಗೆ ಗುರಿಯಾಗುವ ಸಂಭವ ಹೆಚ್ಚಾಗಿತ್ತು. ಮನೆಯ ಆರ್ಥಿಕ ಸ್ಥಿತಿ, ಮಗುವಿನ ಬುದ್ಧಿಮಟ್ಟಗಳನ್ನು ಪರಿಗಣಿಸಿದ ಮೇಲೂ ಈ ಅಂತರ ಉಳಿದಿತ್ತು. ಆದರೆ ಗಮನಾರ್ಹವಾದ ಅಂಶ ಮತ್ತೊಂದಿದೆ: ಬೆಳೆಯುತ್ತ ಸಂಯಮವನ್ನು ಗಳಿಸಿಕೊಂಡವರ ಬದುಕು ಸುಧಾರಿಸಿತ್ತು. ಅಂದರೆ ಗುಣವು ಅಪಾಯದ ಸೂಚನೆಯೇ ಹೊರತು ಹಣೆಬರಹವಲ್ಲ.

ಆಯುರ್ವೇದವೂ ಈ ವಿಚಾರಕ್ಕೆ ಹೊರತಲ್ಲ. ಹಿತಾಹಿತವನ್ನು ಅರಿಯುವ ಧೀ, ಅಹಿತದಿಂದ ಮನಸ್ಸನ್ನು ಹಿಡಿದು ನಿಲ್ಲಿಸುವ ಧೃತಿ, ಅರಿತದ್ದನ್ನು ನೆನಪಿಡುವ ಸ್ಮೃತಿ, ಈ ಮೂರೂ ಕೆಟ್ಟಾಗ ಮನುಷ್ಯನು ಮಾಡುವ ತಪ್ಪು ಕರ್ಮವನ್ನು ಚರಕಸಂಹಿತೆಯು ಪ್ರಜ್ಞಾಪರಾಧವೆಂದು ಕರೆಯುತ್ತದೆ. ಇದು ಮುಖ್ಯವಾಗಿ ರೋಗಕಾರಣವನ್ನು ಹೇಳುವ ತತ್ತ್ವವಾದರೂ ನಡತೆಗೂ ಅನ್ವಯಿಸುತ್ತದೆ. ಹಸಿವು, ನಿದ್ರೆಗಳಂತಹ ವೇಗಗಳನ್ನು ತಡೆಯಬಾರದು. ಲೋಭ, ಕ್ರೋಧ, ಈರ್ಷ್ಯೆಗಳ ವೇಗವನ್ನು ತಡೆಯಲೇಬೇಕು ಎಂಬುದು ಆ ಗ್ರಂಥದ ಉಪದೇಶ. ತಡೆಯುವ ಶಕ್ತಿಯೇ ಧೃತಿ. ಅದು ಅಭ್ಯಾಸದಿಂದ ಬೆಳೆಯುವಂಥದು.

ಬೆಳೆಸುವ ಬಗೆ ಹೇಗೆ? ಮಲಗುವ, ಏಳುವ, ಉಣ್ಣುವ ಹೊತ್ತುಗಳು ನಿಶ್ಚಿತವಾಗಿರಲಿ. ನಿದ್ರೆಗೆಟ್ಟ ಮನಸ್ಸು ಬೇಗ ಕೆರಳುತ್ತದೆ. ಮನೆಯ ನಿಯಮಗಳು ಕೆಲವೇ ಇರಲಿ, ಆದರೆ ದಿನಕ್ಕೊಂದು ರೀತಿ ಬದಲಾಗದಿರಲಿ. ಮಗುವನ್ನು ಬಡಿಯಬೇಡಿ, ಬಲಶಾಲಿಯು ಬಡಿಯಬಹುದೆಂಬ ಪಾಠವನ್ನೇ ಅದು ಕಲಿಯುತ್ತದೆ. ತಪ್ಪು ಮಾಡಿದಾಗ ನೊಂದವರ ಮುಂದೆ ಕ್ಷಮೆ ಕೇಳಿಸಿ, ಆದ ನಷ್ಟವನ್ನು ತುಂಬಿಸಿ. ಎಲ್ಲಕ್ಕಿಂತ ಮಿಗಿಲಾಗಿ "ಕಳ್ಳ", "ರೌಡಿ" ಎಂದು ಹೆಸರಿಡಬೇಡಿ. ಮಕ್ಕಳು ಇಟ್ಟ ಹೆಸರಿಗೆ ತಕ್ಕಂತೆ ಬೆಳೆದಾರು.

ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು, ಪದೇ ಪದೇ ಕಳ್ಳತನ, ಮಾದಕ ವ್ಯಸನ ಕಂಡುಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಬ್ರಾಹ್ಮಿಯೊಂದರಿಂದಲೇ ನಡತೆ ತಿದ್ದಲಾಗದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ಉಚಿತವಾಗಿ ಲಭ್ಯವಿದೆ.

ಆ ಬಾಲಕನನ್ನೂ ನಾವು ಮನೋವೈದ್ಯರ ಬಳಿಗೆ ಕಳುಹಿಸಿದೆವು. ರಾತ್ರಿ ಬಹುಹೊತ್ತಿನವರೆಗೆ ಮೊಬೈಲ್ ನೋಡುವುದು, ಕುಡಿದು ಬರುವ ತಂದೆಯ ಹೊಡೆತ, ಇವು ಮಾತುಕತೆಯಲ್ಲಿ ಒಂದೊಂದಾಗಿ ಹೊರಬಂದವು. ಈಗ ತಂದೆಯೂ ಚಿಕಿತ್ಸೆಯಲ್ಲಿದ್ದಾರೆ. ಬಾಲಕನ ಸಿಟ್ಟು ಪೂರ್ತಿ ಹೋಗಿಲ್ಲ. ಆದರೆ ಕಳೆದ ಸಲ ಬಂದಾಗ, ಸಿಟ್ಟು ಬಂದೊಡನೆ ಅಂಗಳಕ್ಕೆ ಹೋಗಿ ನಿಲ್ಲುವುದನ್ನು ಕಲಿತಿದ್ದೇನೆಂದು ಅವನೇ ಹೇಳಿದನು. ಧೃತಿಯ ಮೊದಲ ಚಿಗುರು ಅದೇ. ಹುಟ್ಟುಗುಣವನ್ನು ಸುಡಬೇಕಾಗಿಲ್ಲ, ಸದ್ಭಕ್ತ ಬಂಧುಗಳೇ; ತಾಳ್ಮೆಯಿಂದ ತಿದ್ದಿದರೆ ಸಾಕು.