ಅಂಧರ ಮುಂದೆ ಮೂಕವಾಗುವ ಜಾಲತಾಣ

ದೇಶಸಂಚಾರವೆಂದರೆ ಕಣ್ಣಿದ್ದವರ, ಕಾಲಿದ್ದವರ ವಿನೋದವೆಂಬ ಭಾವನೆ ನಮ್ಮ ಜನರಲ್ಲಿ ಬಹುಕಾಲದಿಂದ ಬೇರೂರಿದೆ. ಅದು ನಿಜವಲ್ಲ. ಕಣ್ಣು ಕಾಣದವನು ಜೋಗದ ಭೋರ್ಗರೆತವನ್ನು ಕೇಳಬಲ್ಲನು, ಮುಖಕ್ಕೆ ಬೀಳುವ ತುಂತುರನ್ನು ಅನುಭವಿಸಬಲ್ಲನು. ಕಿವಿ ಕೇಳದವನು ಬೇಲೂರಿನ ಮದನಿಕೆಯರನ್ನು ನಮ್ಮಷ್ಟೇ ತದೇಕಚಿತ್ತನಾಗಿ ನೋಡಬಲ್ಲನು. ಆದರೆ ಅಲ್ಲಿಗೆ ಹೊರಡುವ ಮುಂಚೆ ಕೊಠಡಿಯನ್ನು ಕಾದಿರಿಸಬೇಕು, ಬಸ್ಸಿನ ವೇಳೆಯನ್ನು ತಿಳಿಯಬೇಕು, ಪ್ರವೇಶದ ಚೀಟಿಯನ್ನು ಪಡೆಯಬೇಕು. ಹಿಂದೆ ಪ್ರವಾಸ ಇಲಾಖೆಯ ಕಚೇರಿಗೆ ಹೋಗಿ ಮೇಜಿನಾಚೆಯ ಗುಮಾಸ್ತನನ್ನು ಕೇಳಿದರೆ ಸಾಕಾಗಿತ್ತು. ಈಗ ಆ ಗುಮಾಸ್ತನ ಕುರ್ಚಿಯಲ್ಲಿ ಜಾಲತಾಣವು ಕುಳಿತಿದೆ. ಗುಮಾಸ್ತನು ಎಷ್ಟೇ ಸಿಡುಕನಾಗಿದ್ದರೂ ಬಾಯಿಬಿಟ್ಟು ಉತ್ತರಿಸುತ್ತಿದ್ದನು. ಜಾಲತಾಣವು ಕೆಲವರ ಮುಂದೆ ಬಾಯಿಯನ್ನೇ ತೆರೆಯುವುದಿಲ್ಲ.

ಆ ಕೆಲವರು ಕಡಿಮೆ ಜನರೇನೂ ಅಲ್ಲ. ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದ ಅಂಗವಿಕಲರ ಸಂಖ್ಯೆ ೨ ಕೋಟಿ ೬೮ ಲಕ್ಷವೆಂದು ದಾಖಲಾಯಿತು. ಅವರಲ್ಲಿ ದೃಷ್ಟಿದೋಷವುಳ್ಳವರು ಸುಮಾರು ೫೦ ಲಕ್ಷ, ಶ್ರವಣದೋಷವುಳ್ಳವರು ಹೆಚ್ಚುಕಡಿಮೆ ಅಷ್ಟೇ, ನಡೆದಾಡಲು ಕಷ್ಟಪಡುವವರು ೫೪ ಲಕ್ಷ. ವಯಸ್ಸಾಗಿ ಕಣ್ಣು ಮಂಜಾದ ನಮ್ಮ ತಂದೆತಾಯಿಗಳಲ್ಲಿ ಅನೇಕರು ಈ ಲೆಕ್ಕಕ್ಕೆ ಬಂದಿರಲಾರರು.

ಅಂಧರು ಕಂಪ್ಯೂಟರನ್ನು ಬಳಸುವುದೆಂತು ಎಂದು ವಾಚಕರಲ್ಲಿ ಕೆಲವರಿಗೆ ಸೋಜಿಗವಾಗಬಹುದು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶಗಳಿವೆ. ಅವಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. ಉಚಿತವಾಗಿ ದೊರೆಯುವ ಎನ್‌ವಿಡಿಎ ಎಂಬುದು ಅವುಗಳಲ್ಲೊಂದು. ಅದನ್ನು ೨೦೦೬ರಲ್ಲಿ ಆರಂಭಿಸಿದವರು ಆಸ್ಟ್ರೇಲಿಯದ ಮೈಕೆಲ್ ಕರ್ರನ್ ಎಂಬ ಅಂಧ ತರುಣರು; ಬಳಿಕ ಜೇಮ್ಸ್ ತೆಹ್ ಎಂಬ ಮತ್ತೊಬ್ಬ ಅಂಧ ತರುಣರು ಅವರ ಜತೆಗೂಡಿದರು. ಹೊಟೇಲು ಕಸುಬಿನವರಿಗೆ ಇದರ ಮರ್ಮವು ಸುಲಭವಾಗಿ ತಿಳಿದೀತು. ಮಾಣಿಯು ಗಿರಾಕಿಯ ಮುಂದೆ ನಿಂತು ಇಡ್ಲಿ, ವಡೆ, ಉಪ್ಪಿಟ್ಟು, ಮಸಾಲೆ ದೋಸೆ ಎಂದು ಒಂದೇ ಉಸಿರಿನಲ್ಲಿ ಪಟ್ಟಿಯನ್ನೊಪ್ಪಿಸುತ್ತಾನಲ್ಲ, ಅದೇ ಕೆಲಸವನ್ನು ಈ ತಂತ್ರಾಂಶವು ಮಾಡುತ್ತದೆ. ಗೋಡೆಯ ಕರಿಹಲಗೆಯನ್ನು ಓದಲಾರದವನೂ ಮಾಣಿಯ ಬಾಯಿಂದ ಕೇಳಿ ಹೊಟ್ಟೆತುಂಬ ತಿಂದುಹೋಗುತ್ತಾನೆ. ಆದರೆ ಅಡುಗೆಮನೆಯಿಂದ ತಿಂಡಿಯ ಹೆಸರನ್ನು ತಿಳಿಸದೆ ಬರಿಯ ತಟ್ಟೆಯ ಚಿತ್ರವನ್ನು ಮಾಣಿಯ ಕೈಗೆ ಕೊಟ್ಟರೆ ಅವನು ಏನೆಂದಾನು? "ಚಿತ್ರ" ಎಂದಾನು, ಅಷ್ಟೆ. ಜಾಲತಾಣದಲ್ಲಿಯೂ ಹೀಗೆಯೇ. ಪ್ರತಿಯೊಂದು ಚಿತ್ರದ ಹಿಂದೆ ಅದೇನೆಂಬ ಒಂದು ಸಾಲನ್ನು ಬರೆದಿಡಬೇಕು. ಬರೆಯದಿದ್ದರೆ ಯಂತ್ರವು "ಚಿತ್ರ, ಚಿತ್ರ" ಎಂದು ಗಿಳಿಯಂತೆ ಉಲಿಯುತ್ತದೆ, ಕೇಳುವವನು ಬೇಸತ್ತು ಎದ್ದುಹೋಗುತ್ತಾನೆ.

ಈ ಒಂದು ಸಾಲಿನ ಬರಹಕ್ಕಾಗಿಯೇ ಲೋಕಪ್ರಸಿದ್ಧವಾದ ವ್ಯಾಜ್ಯವೊಂದು ನಡೆದಿದೆ. ೨೦೦೦ದಲ್ಲಿ ಸಿಡ್ನಿ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದುವು. ಬ್ರೂಸ್ ಮಗೈರ್ ಎಂಬ ಅಂಧ ಗೃಹಸ್ಥರು ಅದರ ಜಾಲತಾಣವನ್ನು ಬಳಸಲು ಹೊರಟರು. ಅವರು ಬ್ರೈಲ್ ಚುಕ್ಕಿಗಳನ್ನು ಎಬ್ಬಿಸಿ ತೋರಿಸುವ ಸಾಧನದಿಂದ ಓದತಕ್ಕವರು. ಚಿತ್ರಗಳಿಗೆ ಬರಹವಿಲ್ಲ, ಕ್ರೀಡೆಗಳ ಪಟ್ಟಿಯ ಪುಟಕ್ಕೆ ನೇರವಾದ ದಾರಿಯಿಲ್ಲ, ಫಲಿತಾಂಶಗಳ ಕೋಷ್ಟಕವನ್ನು ಓದುವುದು ದುಸ್ಸಾಧ್ಯ. ಇವು ಅವರ ದೂರುಗಳು. ೧೯೯೯ರ ಜೂನ್‌ನಲ್ಲಿ ಅವರು ಆ ದೇಶದ ಮಾನವ ಹಕ್ಕು ಆಯೋಗದ ಮೊರೆಹೊಕ್ಕರು.

ಸಂಘಟಕರ ಉತ್ತರವನ್ನು ಕೇಳಿದರೆ ನಮ್ಮ ಕಚೇರಿಗಳ ಪರಿಚಯವಿರುವ ಯಾರಿಗಾದರೂ ನಗು ಬಂದೀತು. ಇದನ್ನೆಲ್ಲ ಸರಿಪಡಿಸಲು ಒಬ್ಬನು ದಿನಕ್ಕೆ ೮ ತಾಸಿನಂತೆ ದುಡಿದರೆ ೩೬೮ ದಿನಗಳು ಬೇಕು, ೨೦ ಲಕ್ಷ ಡಾಲರಿಗೂ ಮಿಕ್ಕಿ ವೆಚ್ಚವಾಗುವುದು, ಆದುದರಿಂದ ಇದು ಸಾಧ್ಯವಿಲ್ಲವೆಂದು ಅವರು ವಾದಿಸಿದರು. ದೂರುದಾರರ ಕಡೆಯ ತಜ್ಞರು, ಅನುಭವಸ್ಥನೊಬ್ಬನ ಕೈಕೆಳಗೆ ಕೆಲವರನ್ನು ಕೂರಿಸಿದರೆ ನಾಲ್ಕು ವಾರಗಳ ಕೆಲಸವೆಂದರು. ಆಯೋಗವು ಸಂಘಟಕರ ಲೆಕ್ಕವನ್ನು ಒಪ್ಪಲಿಲ್ಲ. ೨೦೦೦ದ ಆಗಸ್ಟ್ ೨೪ರಂದು ತೀರ್ಪಿತ್ತು, ಸೆಪ್ಟೆಂಬರ್ ೧೫ರೊಳಗೆ ದೋಷಗಳನ್ನು ನೀಗಿಸಬೇಕೆಂದು ವಿಧಿಸಿತು. ಅದೇ ಕ್ರೀಡೆಗಳ ಉದ್ಘಾಟನೆಯ ದಿನ. ಸಂಘಟಕರು ಪೂರ್ತಿಯಾಗಿ ಪಾಲಿಸಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಆಯೋಗವು ಮಗೈರ್ ಅವರಿಗೆ ೨೦,೦೦೦ ಆಸ್ಟ್ರೇಲಿಯನ್ ಡಾಲರು ಪರಿಹಾರವನ್ನು ಕೊಡಿಸಿತು. ಹಣವೇನೋ ಬಂತು, ಓದಬೇಕಾಗಿದ್ದ ಕ್ರೀಡೆಗಳು ಅಷ್ಟರಲ್ಲಿ ಮುಗಿದುಹೋಗಿದ್ದುವು.

ಮನೆ ಕಟ್ಟುವಾಗಲೇ ಇಳಿಜಾರು ದಾರಿಯನ್ನು ಇಟ್ಟರೆ ನಾಲ್ಕು ಬುಟ್ಟಿ ಸಿಮೆಂಟು ಸಾಕು, ಕಟ್ಟಿ ಮುಗಿದ ಮೇಲೆ ಗೋಡೆಯನ್ನೊಡೆಯಬೇಕು. ಸಿಡ್ನಿಯ ಸಂಘಟಕರು ಹೇಳಿದ ೩೬೮ ದಿನಗಳು ಒಂದು ವೇಳೆ ನಿಜವೆಂದೇ ಇಟ್ಟುಕೊಂಡರೂ ಅದು ಮೊದಲೇ ಮಾಡದಿದ್ದುದರ ಬೆಲೆ. ಹೇಗೆ ಮಾಡಬೇಕೆಂಬ ಸೂತ್ರಗಳು ಆಗಲೇ ಇದ್ದುವು. ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಮ್ ಎಂಬ ಸಂಸ್ಥೆಯು ೧೯೯೯ರ ಮೇ ತಿಂಗಳಿನಲ್ಲಿಯೇ ಅವನ್ನು ಹೊರಡಿಸಿತ್ತು. ೨೦೦೮, ೨೦೧೮ ಮತ್ತು ೨೦೨೩ರಲ್ಲಿ ಅವು ಪರಿಷ್ಕಾರವನ್ನು ಪಡೆದಿವೆ.

ನಮ್ಮ ದೇಶದಲ್ಲಿ ಕಾನೂನಿಗೆ ಕೊರತೆಯಿಲ್ಲ. ಸರಕಾರಿ ಜಾಲತಾಣಗಳ ಮಾರ್ಗಸೂಚಿಯು ೨೦೦೯ರಲ್ಲಿಯೇ ಬಂದಿತು. ಅಂಗವಿಕಲರ ಹಕ್ಕುಗಳ ೨೦೧೬ರ ಅಧಿನಿಯಮವು ೨೦೧೭ರ ಏಪ್ರಿಲ್ ೧೯ರಿಂದ ಜಾರಿಯಲ್ಲಿದೆ. ಆದರೆ ಅದರ ನಿಯಮಗಳಲ್ಲಿ ೧೫ನೆಯದು ಕೇವಲ ಸಲಹೆಯಂತಿದೆ, ಕಡ್ಡಾಯವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ರಾಜೀವ್ ರತೂರಿ ಅವರ ಮೊಕದ್ದಮೆಯಲ್ಲಿ ೨೦೨೪ರ ನವೆಂಬರ್ ೮ರಂದು ಹೇಳಿ, ಕಡ್ಡಾಯ ಮಾನದಂಡಗಳನ್ನು ರಚಿಸುವಂತೆ ಕೇಂದ್ರ ಸರಕಾರಕ್ಕೆ ಮೂರು ತಿಂಗಳ ಗಡುವನ್ನು ವಿಧಿಸಿತು. ಆ ಬಳಿಕ ೨೦೨೫ರ ಏಪ್ರಿಲ್ ೩೦ರಂದು ಅದೇ ನ್ಯಾಯಾಲಯವು, ಡಿಜಿಟಲ್ ಸೌಕರ್ಯವನ್ನು ಬಳಸುವ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದದ ಜೀವಿಸುವ ಹಕ್ಕಿನಲ್ಲಿಯೇ ಅಡಗಿದೆಯೆಂದು ತೀರ್ಪಿತ್ತಿತು.

ಕೆಲವು ಜಾಲತಾಣಗಳ ಮೂಲೆಯಲ್ಲಿ ವೃತ್ತದೊಳಗೆ ಕೈಚಾಚಿ ನಿಂತ ಪುಟ್ಟ ಮನುಷ್ಯನ ಗುರುತನ್ನು ವಾಚಕರು ನೋಡಿರಬಹುದು. ಅದನ್ನು ಒತ್ತಿದರೆ ಅಕ್ಷರವು ಹಿರಿದಾಗುತ್ತದೆ, ಬಣ್ಣವು ಬದಲಾಗುತ್ತದೆ. ಇದೊಂದನ್ನು ಅಂಟಿಸಿ ಕೈತೊಳೆದುಕೊಳ್ಳುವ ಪದ್ಧತಿ ಬೆಳೆದಿದೆ. ಒಳಗಿನ ಪುಟದಲ್ಲಿ ಚಿತ್ರಕ್ಕೆ ಹೆಸರಿಲ್ಲದಿದ್ದರೆ, ಹೆಸರು ವಿಳಾಸ ತುಂಬುವ ಚೌಕಕ್ಕೆ ಶೀರ್ಷಿಕೆಯಿಲ್ಲದಿದ್ದರೆ, ಹೊರಗಿನ ಈ ಗುರುತಿನಿಂದ ಏನು ಪ್ರಯೋಜನ? ಇಂಥ ಉಪಕರಣವೊಂದನ್ನು ಮಾರುತ್ತಿದ್ದ ಕಂಪೆನಿಯು ಅದು ಎಲ್ಲವನ್ನೂ ಸರಿಪಡಿಸುವುದೆಂದು ಸುಳ್ಳು ಪ್ರಚಾರ ಮಾಡಿತೆಂಬ ಆರೋಪದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು ೨೦೨೫ರಲ್ಲಿ ೧೦ ಲಕ್ಷ ಡಾಲರನ್ನು ತೆರುವಂತೆ ಮಾಡಿತು.

ಕನ್ನಡಕ್ಕೆ ತನ್ನದೇ ಆದ ಒಂದು ತೊಡಕುಂಟು. ಕನ್ನಡ ಲಿಪಿಯು ೧೯೯೧ರಿಂದಲೂ ಯೂನಿಕೋಡ್ ಎಂಬ ವಿಶ್ವ ಸಂಕೇತದಲ್ಲಿ ಸೇರಿದೆ. ಆದರೂ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡುವ ರೂಢಿಯು ಕಚೇರಿಗಳಲ್ಲಿ ಬಹುಕಾಲ ಉಳಿಯಿತು. ಆ ಬರಹವು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷಿನ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಓದುತ್ತದೆ. ಸುತ್ತೋಲೆಯನ್ನು ಕಾಗದದಲ್ಲಿ ಅಚ್ಚುಮಾಡಿ, ಸಹಿ ಹಾಕಿ, ಫೋಟೋ ತೆಗೆದು ಜಾಲತಾಣಕ್ಕೆ ಏರಿಸುವುದಂತೂ ಇನ್ನೂ ಕೇಡು. ಅಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ಕನ್ನಡವನ್ನು ಓದಿಹೇಳುವ ಧ್ವನಿಗಳು ಈಗ ಮೊಬೈಲಿನಲ್ಲಿಯೂ ದೊರೆಯುತ್ತವೆ. ಧ್ವನಿಯಿದ್ದೂ ನುಡಿಯಲಾರದಂತೆ ಮಾಡಿದ್ದು ನಮ್ಮ ಕಚೇರಿಗಳ ಅಭ್ಯಾಸ.

ಜಾಲತಾಣವು ಮಾತನಾಡಿದರಷ್ಟೇ ಸಾಲದು, ಕೇಳಬೇಕಾದುದನ್ನು ಹೇಳಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ೬೦೦ಕ್ಕಿಂತ ಹೆಚ್ಚು ಮೆಟ್ಟಿಲುಗಳು. ಏರಲಾರದವರನ್ನು ಡೋಲಿಯಲ್ಲಿ ಹೊತ್ತೊಯ್ಯುವವರಿದ್ದಾರೆ. ಅದಕ್ಕೆ ಎಷ್ಟು ಹಣ, ಯಾವ ವೇಳೆಗೆ ಸಿಕ್ಕುವರು? ಹಂಪೆಯ ವಿಠ್ಠಲ ದೇವಾಲಯಕ್ಕೆ ವಾಹನ ನಿಲ್ದಾಣದಿಂದ ಬ್ಯಾಟರಿ ಗಾಡಿಗಳು ಓಡುತ್ತವೆ; ಅದರೊಳಗೆ ಗಾಲಿಕುರ್ಚಿಯನ್ನು ಇಡಬಹುದೆ? ವಸತಿಗೃಹದ ಶೌಚಾಲಯದ ಬಾಗಿಲು ಎಷ್ಟು ಇಂಚು ಅಗಲ? "ರಮ್ಯ, ಮನೋಹರ, ನಯನಾನಂದಕರ" ಎಂಬ ಹೊಗಳಿಕೆಯ ಬದಲು ಇಂಚಿನ ಲೆಕ್ಕವನ್ನು ಬರೆದರೆ ಗಾಲಿಕುರ್ಚಿಯ ಯಾತ್ರಿಕನು ಹೊರಡುವುದೋ ಬಿಡುವುದೋ ಎಂದು ಮನೆಯಲ್ಲಿಯೇ ನಿಶ್ಚಯಿಸುತ್ತಾನೆ. ವಿಜಾಪುರದ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯು ಅಂಧನಿಗೆ ಹಬ್ಬ. ಅಲ್ಲಿ ಕಿವಿಯೇ ಪ್ರಧಾನ. ಆದರೆ ಏಳು ಅಂತಸ್ತಿನ ಮೂಲೆಗೋಪುರದೊಳಗಿನ ಮೆಟ್ಟಿಲುಗಳನ್ನು ಏರಿಯೇ ಅಲ್ಲಿಗೆ ಹೋಗಬೇಕು. ಇದನ್ನೂ ಬರೆಯಬೇಕು, ಅದನ್ನೂ ಬರೆಯಬೇಕು.

ಹೊಟೇಲು ನಡೆಸುವವರಿಗೆ ಒಂದು ಮಾತು. ಗಾಲಿಕುರ್ಚಿಯ ಗಿರಾಕಿಯು ಒಬ್ಬನೇ ಬರುವುದು ಅಪೂರ್ವ. ಹೆಂಡತಿ, ಮಕ್ಕಳು, ತಂಗಿಯ ಮನೆಯವರು ಜತೆಗಿರುತ್ತಾರೆ. ಅವನಿಗೆ ಕೊಠಡಿ ಒಗ್ಗದಿದ್ದರೆ ಇಡೀ ಸಂಸಾರವು ಬೇರೆ ಬಾಗಿಲಿಗೆ ಹೋಗುತ್ತದೆ. ಇದನ್ನು ದಯೆಯ ವಿಷಯವೆಂದು ತಿಳಿದವರು ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಸರಿಯಾಗಿ ಹಾಕಿಲ್ಲ.

ನಮ್ಮ ವಾಚಕರಲ್ಲಿ ಕಚೇರಿಯ ಗುಮಾಸ್ತರು ಅನೇಕರಿದ್ದೀರಿ; ಸಂಸ್ಥೆಯ ಜಾಲತಾಣಕ್ಕೆ ವಿಷಯವನ್ನು ತುಂಬುವ ಕೆಲಸವು ನಿಮ್ಮಲ್ಲಿ ಕೆಲವರ ಪಾಲಿಗೆ ಬಂದಿರಬೇಕು. ಪರೀಕ್ಷೆಯೇನೂ ಕಠಿಣವಲ್ಲ. ಮೌಸನ್ನು ಬದಿಗಿಟ್ಟು ಟ್ಯಾಬ್ ಕೀಲಿಯೊಂದರಿಂದಲೇ ಕೊಠಡಿ ಕಾದಿರಿಸುವ ಗುಂಡಿಯ ತನಕ ಹೋಗಲಾದೀತೆ ನೋಡಿರಿ. ಆಂಡ್ರಾಯ್ಡ್ ಮೊಬೈಲಾದರೆ ಅದರಲ್ಲಿ ಟಾಕ್‌ಬ್ಯಾಕ್ ಎಂಬ ಸೌಕರ್ಯವುಂಟು; ಅದನ್ನು ಚಾಲೂ ಮಾಡಿ, ಕಣ್ಣುಮುಚ್ಚಿ, ನಿಮ್ಮ ಊರಿನ ಪ್ರವಾಸ ತಾಣದ ಪುಟವನ್ನು ಕೇಳಿರಿ. ಚಲಚ್ಚಿತ್ರವಿದ್ದರೆ ಸದ್ದನ್ನಡಗಿಸಿ ನೋಡಿರಿ. ಕೆಳಗೆ ಅಕ್ಷರಗಳಿಲ್ಲದಿದ್ದರೆ ಕಿವಿ ಕೇಳದವನಿಗೆ ಅದು ತುಟಿಯಲುಗಾಟ ಮಾತ್ರ. ಎಲ್ಲಿ ತಡೆಯಿತೋ ಆ ಪುಟದ ಹೆಸರು, ದಿನಾಂಕ, ಧ್ವನಿಯು ಆಡಿದ ಮಾತು, ಈ ಮೂರನ್ನು ಬರೆದು ಸಂಬಂಧಪಟ್ಟ ಇಲಾಖೆಗೆ ಕಳಿಸಿರಿ. "ನಿಮ್ಮ ತಾಣ ಸರಿಯಿಲ್ಲ" ಎಂಬ ಪತ್ರವನ್ನು ಕಡತದಲ್ಲಿ ಮುಚ್ಚಿಡಬಹುದು. ಇಂಥ ಪುಟದ ಇಂಥ ಗುಂಡಿಗೆ ಹೆಸರಿಲ್ಲವೆಂಬ ಪತ್ರಕ್ಕೆ ಅಧಿಕಾರಿಯು ಏನನ್ನಾದರೂ ಬರೆಯಲೇಬೇಕಾಗುತ್ತದೆ. ಅದರ ನಕಲೊಂದನ್ನು ನಮ್ಮ ಕಾರ್ಯಾಲಯಕ್ಕೂ ಕಳಿಸಿದರೆ, ಇಲಾಖೆಯ ಉತ್ತರದೊಡನೆ ಪ್ರಕಟಿಸುವೆವು.