ದಳ ಬದಲಿಸುವ ಕಾಲ

ನಮ್ಮಲ್ಲಿ 'ವರ್ಗ' ಎಂಬ ಮಾತು ಕಿವಿಗೆ ಬಿದ್ದೊಡನೆ ಕಣ್ಣ ಮುಂದೆ ನಿಲ್ಲುವುದು ಸರಕಾರದ ಆಜ್ಞೆ, ಗೋಣೀಚೀಲದಲ್ಲಿ ಕಟ್ಟಿಟ್ಟ ಪಾತ್ರೆಪಡಗ, ಮಕ್ಕಳ ಶಾಲೆಯ ಚಿಂತೆ. ಮೇಲಿನವರು ಹೇಳಿದರು, ಕೆಳಗಿನವರು ಹೋದರು, ಅಷ್ಟೇ. ಮೇಷ್ಟರೊಬ್ಬರು ತುಮಕೂರಿನಿಂದ ಚಿತ್ರದುರ್ಗಕ್ಕೆ ವರ್ಗವಾದರೆ ಊರ ಜನ ಕಟ್ಟೆಯ ಮೇಲೆ ಕುಳಿತು ಅದರ ಸಾಧಕಬಾಧಕಗಳನ್ನು ತಿಂಗಳುಗಟ್ಟಲೆ ಚರ್ಚಿಸುವುದಿಲ್ಲ. ಆದರೆ ಇದೇ ಮಾತು ಫುಟ್‌ಬಾಲ್ ಆಟಗಾರನಿಗೆ ಅನ್ವಯವಾದಾಗ ಒಂದು ಮಹಾನಗರವೇ ನಿದ್ದೆಗೆಟ್ಟು ವಾದಿಸುತ್ತದೆ. ಯಾರು ಬರಬೇಕು, ಯಾರು ಹೋಗಬೇಕು, ಬಂದವನು ನಮ್ಮವನಾದಾನೆ, ಹೋದವನು ದ್ರೋಹಿಯೆ? ಆ ಮಹಾನಗರ ಕಲ್ಕತ್ತೆ. ಅಲ್ಲಿಯವರು ಇದಕ್ಕೆ ಇಟ್ಟಿರುವ ಹೆಸರು 'ದಲ್‌ಬದಲ್', ಎಂದರೆ ದಳವನ್ನು ಬದಲಿಸುವುದು. ರಾಜಕಾರಣದ ಪಕ್ಷಾಂತರಕ್ಕೂ ಅವರು ಬಳಸುವುದು ಈ ಮಾತನ್ನೇ.

ಈ ವಾದವನ್ನು ನಾನು ಮೊದಲು ಕೇಳಿದ್ದು 1991ರಲ್ಲಿ. ಸಾಹಿತ್ಯ ಗೋಷ್ಠಿಯೊಂದಕ್ಕೆಂದು ಕಲ್ಕತ್ತೆಗೆ ಹೋಗಿದ್ದ ನಾನು ಉತ್ತರ ಕಲ್ಕತ್ತೆಯ ಹಳೆಯ ಮನೆಯೊಂದರಲ್ಲಿ ಉಳಿದುಕೊಂಡಿದ್ದೆ. ಮನೆಯ ಯಜಮಾನರು ನಿವೃತ್ತ ಗುಮಾಸ್ತರು. ಅವರ ಮಗ ನನ್ನಂತೆಯೇ ಅಧ್ಯಾಪಕ. ಮನೆತನವೆಲ್ಲ ಮೋಹನ್ ಬಾಗಾನ್ ಕ್ಲಬ್ಬಿಗೆ ಒಪ್ಪಿಸಿಕೊಂಡದ್ದು. ಆ ವರ್ಷ ನೈಜೀರಿಯಾದ ಚೀಮಾ ಒಕೋರಿ ಪ್ರತಿಸ್ಪರ್ಧಿ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಬಿಟ್ಟು ಮೋಹನ್ ಬಾಗಾನಿಗೆ ಬರುವ ಮಾತು ನಡೆದಿತ್ತು. ಊಟಕ್ಕೆ ಕುಳಿತರೆ ಅದೇ ಮಾತು, ಕೈ ತೊಳೆದರೆ ಅದೇ ಮಾತು.

"ಗೋಲು ಹೊಡೆಯುವವನು ನಮಗೆ ಬೇಕು, ಬಾಬಾ. ಅವನು ಎಲ್ಲಿ ಹುಟ್ಟಿದರೆ ಏನು?" ಎಂದು ಮಗ.

"ನೂರೆರಡು ವರ್ಷ ಇಲ್ಲದವನು ಈಗ ಏಕೆ ಬೇಕು?" ಎಂದು ತಂದೆ.

ಆ ಮುದುಕರ ಮಾತಿನ ಹಿಂದೆ ಒಂದು ಚರಿತ್ರೆಯಿತ್ತು. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಎರಡಕ್ಕೆ ಒಂದು ಗೋಲಿನಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು. ಬೂಟು ತೊಟ್ಟ ಬಿಳಿಯ ಸೈನಿಕರನ್ನು ಬಹುಮಟ್ಟಿಗೆ ಬರಿಗಾಲಿನಲ್ಲೇ ಆಡಿದ ಬಂಗಾಳಿಗಳು ಗೆದ್ದ ಆ ದಿನವನ್ನು ಅಲ್ಲಿಯವರು ಆಟವೆಂದು ನೆನೆಯುವುದಿಲ್ಲ. ಸ್ವಾತಂತ್ರ್ಯದ ಕಥೆಯ ಒಂದು ಅಧ್ಯಾಯವೆಂದು ನೆನೆಯುತ್ತಾರೆ. ಅಂಥ ಕ್ಲಬ್ಬು ಅಂದಿನವರೆಗೆ ವಿದೇಶೀ ಆಟಗಾರನನ್ನು ಸೇರಿಸಿಕೊಂಡಿರಲಿಲ್ಲ. ಆದ್ದರಿಂದ ಚೀಮಾ ಬರಬೇಕೆ ಬೇಡವೆ ಎಂಬ ಪ್ರಶ್ನೆ ಒಬ್ಬ ಆಟಗಾರನನ್ನು ಕುರಿತದ್ದಾಗಿರಲಿಲ್ಲ. ನಾವು ಯಾರು ಎಂಬ ಪ್ರಶ್ನೆ ಅದು. ದೂರದಿಂದ ನೋಡುವವರಿಗೆ ಹುಚ್ಚಾಟವಾಗಿ ಕಾಣುವ ಈ ಚರ್ಚೆಯ ಒಳತಿರುಳು ಇಲ್ಲಿದೆ.

ನಿಜಕ್ಕೂ ಈಸ್ಟ್ ಬೆಂಗಾಲ್ ಕ್ಲಬ್ಬು ಹುಟ್ಟಿದ್ದೇ ತಂಡದಲ್ಲಿ ಯಾರಿರಬೇಕೆಂಬ ಜಗಳದಿಂದ. 1920ರ ಜುಲೈ 28ರಂದು ಜೋಡಾಬಾಗಾನ್ ಎಂಬ ತಂಡ ಮೋಹನ್ ಬಾಗಾನಿನ ಎದುರು ಆಡಬೇಕಾಗಿತ್ತು. ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕೈಬಿಡಲಾಯಿತು. ಆ ತಂಡದ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿ ಅದನ್ನು ಪ್ರತಿಭಟಿಸಿ ಹೊರಬಂದರು; ಕೆಲವೇ ದಿನಗಳಲ್ಲಿ ಹೊಸ ಕ್ಲಬ್ಬು ತಲೆಯೆತ್ತಿತು. ಮುಂದೆ ದೇಶ ವಿಭಾಗವಾಗಿ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದವರಿಗೆ ಈ ಕ್ಲಬ್ಬಿನ ಹೆಸರೇ ಕಳೆದುಹೋದ ಊರಿನ ಹೆಸರಾಯಿತು. ಹೀಗೆ ಪಶ್ಚಿಮದ 'ಘಟಿ'ಗಳಿಗೆ ಮೋಹನ್ ಬಾಗಾನ್, ಪೂರ್ವದ 'ಬಾಂಗಾಲ'ರಿಗೆ ಈಸ್ಟ್ ಬೆಂಗಾಲ್. ಗೆದ್ದ ದಿನ ಒಬ್ಬರ ಮನೆಯಲ್ಲಿ ಸೀಗಡಿ, ಇನ್ನೊಬ್ಬರ ಮನೆಯಲ್ಲಿ ಇಲಿಶ್ ಮೀನು. ಆಟಗಾರ ಒಂದು ದಳದಿಂದ ಇನ್ನೊಂದಕ್ಕೆ ಹೋದನೆಂದರೆ ಅಡುಗೆಮನೆಯವರೆಗೂ ಸುದ್ದಿ ಮುಟ್ಟಬೇಕಾದದ್ದೇ.

ಇನ್ನು ಈ ದಳ ಬದಲಾವಣೆ ನಡೆಯುತ್ತಿದ್ದ ಬಗೆ. ಹಿಂದೆ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳು. ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ. ಕ್ಲಬ್ಬಿನಿಂದ ಬರುವ ಹಣ ಬೇರೆ. ಹಲವು ವರ್ಷಗಳ ಕರಾರು ಎಂಬುದು ಇರಲಿಲ್ಲ. ವರ್ಷಕ್ಕೊಮ್ಮೆ ನಿಗದಿಯಾದ ಕೆಲವು ದಿನಗಳಲ್ಲಿ ಆಟಗಾರ ಫುಟ್‌ಬಾಲ್ ಸಂಸ್ಥೆಯ ಕಚೇರಿಗೆ ಬಂದು ತಾನು ಆಡಲಿರುವ ಕ್ಲಬ್ಬಿಗೆ ಸಹಿ ಹಾಕಬೇಕು. ಸಹಿ ಹಾಕಿದ ಮೇಲೆಯೂ ಅದನ್ನು ಹಿಂತೆಗೆದುಕೊಳ್ಳಲು ಅವಕಾಶವಿತ್ತು. ಈ ಅವಕಾಶವೇ ಎಲ್ಲ ನಾಟಕಕ್ಕೂ ಮೂಲ. ಒಪ್ಪಿಕೊಂಡ ಆಟಗಾರನ ಮನಸ್ಸನ್ನು ಎದುರು ಪಕ್ಷದವರು ಕೆಡಿಸದಂತೆ ಅವನನ್ನು ಗೆಳೆಯರ ಮನೆಯಲ್ಲೋ ಹೊರ ಊರಿನಲ್ಲೋ ಬಚ್ಚಿಡುವುದು, ರೈಲಿನಿಂದ ಇಳಿಯುವವನನ್ನು ನಿಲ್ದಾಣದಲ್ಲೇ ಹಾರಿಸಿಕೊಂಡು ಹೋಗುವುದು, ಮನೆಯ ಹಿರಿಯರನ್ನು ಒಲಿಸಿಕೊಳ್ಳುವುದು, ಇವೆಲ್ಲ ಆ ದಿನಗಳ ಕಥೆಗಳು. ಕೇಳುತ್ತಿದ್ದಾಗ ನನಗೆ ನೆನಪಾದದ್ದು ಭಾರತದ ಶಲ್ಯ. ಅಳಿಯಂದಿರಾದ ಪಾಂಡವರ ಕಡೆ ಸೇರಬೇಕೆಂದು ಸೇನೆಯೊಡನೆ ಹೊರಟ ಮದ್ರರಾಜನಿಗೆ ದಾರಿಯುದ್ದಕ್ಕೂ ಬಿಡಾರ ಕಟ್ಟಿಸಿ, ಸತ್ಕಾರ ಮಾಡಿಸಿ, ಮಾತು ತೆಗೆದುಕೊಂಡು ತನ್ನ ಕಡೆಗೆ ಸೆಳೆದುಕೊಂಡವನು ದುರ್ಯೋಧನ. ಕಲ್ಕತ್ತೆಯ ಕ್ಲಬ್ಬುಗಳ ಕಾರ್ಯದರ್ಶಿಗಳಿಗೆ ಈ ವಿದ್ಯೆಯ ಆದಿಗುರು ಅವನೇ ಇರಬೇಕು.

ಹಾಗಾದರೆ ಅಭಿಮಾನಿಗಳು ವಾದಿಸುವುದು ಏನನ್ನು? ಕಿವಿಗೊಟ್ಟು ಕೇಳಿದರೆ ಆ ಗದ್ದಲದಲ್ಲೂ ಕೆಲವು ಗಟ್ಟಿ ಪ್ರಶ್ನೆಗಳು ಕಾಣುತ್ತವೆ.

ಮೊದಲನೆಯದು, ಕೀರ್ತಿ ಮುಖ್ಯವೋ ಕೊರತೆ ಮುಖ್ಯವೋ ಎಂಬುದು. ಹೆಸರಾಂತ ಮುನ್ನಡೆ ಆಟಗಾರ ಸಿಗುತ್ತಾನೆಂದು ಹಿಗ್ಗುವವರು ಕೆಲವರು. ನಮ್ಮ ಹಿಂಬದಿಯ ರಕ್ಷಣೆಯೇ ಸೋರುತ್ತಿರುವಾಗ ಇನ್ನೊಬ್ಬ ಗೋಲು ಹೊಡೆಯುವವನು ಏತಕ್ಕೆ ಎನ್ನುವವರು ಕೆಲವರು. ಸೂರು ಸೋರುವಾಗ ಮುಂಬಾಗಿಲಿಗೆ ಬಣ್ಣ ಬಳಿದಂತೆ ಎಂಬುದು ಈ ಎರಡನೆಯವರ ವಾದ. ಕೃಷ್ಣನೇ ಬೇಕೋ ಅವನ ಸೇನೆ ಬೇಕೋ ಎಂಬ ಆಯ್ಕೆ ಬಂದಾಗ ಆಯುಧ ಹಿಡಿಯದ ಒಬ್ಬನನ್ನು ಆರಿಸಿಕೊಂಡ ಅರ್ಜುನನನ್ನು ಅಂದಿನ ಅಭಿಮಾನಿಗಳು ಏನೆಂದು ಹಳಿದಿದ್ದರೋ!

ಎರಡನೆಯದು ವಯಸ್ಸು. ಇಪ್ಪತ್ತರವನಲ್ಲಿ ಭರವಸೆಯಿದೆ, ಪ್ರಮಾಣವಿಲ್ಲ. ಮೂವತ್ತೆರಡರವನಲ್ಲಿ ಪ್ರಮಾಣವಿದೆ, ಕಾಲವಿಲ್ಲ. ಮೂರನೆಯದು ಹೊಂದಾಣಿಕೆ. ಒಬ್ಬೊಬ್ಬರಾಗಿ ಶ್ರೇಷ್ಠರಾದವರು ಒಟ್ಟಿಗೆ ಶ್ರೇಷ್ಠರಾಗಬೇಕೆಂಬ ನಿಯಮವಿಲ್ಲ. ಈ ಮಾತಿಗೆ ನಮ್ಮ ನಾಡಿಗೂ ಸಂಬಂಧವುಳ್ಳ ಉದಾಹರಣೆಯೊಂದಿದೆ. ಈಸ್ಟ್ ಬೆಂಗಾಲಿನ ಜ್ಯೋತಿಷ್ ಗುಹಾ ದಕ್ಷಿಣದಿಂದ ಆಟಗಾರರನ್ನು ಆರಿಸಿ ತಂದು ಕಟ್ಟಿದ ಐವರ ಮುನ್ನಡೆಯ ಸಾಲು 1949ರಿಂದ 1953ರವರೆಗೆ 'ಪಂಚಪಾಂಡವ'ರೆಂದು ಹೆಸರಾಯಿತು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೆ. ಇವರಲ್ಲಿ ಅಹಮದ್ ಖಾನ್ ಬೆಂಗಳೂರಿನವರು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಭಾರತಕ್ಕೆ ಆಡಿದವರು. ಪೂರ್ವ ಬಂಗಾಳದ ನಿರಾಶ್ರಿತರು ತಮ್ಮ ಮಾನವೆಂದು ಹೊತ್ತು ತಿರುಗಿದ ತಂಡದ ಮುಂಚೂಣಿಯಲ್ಲಿ ಬಂಗಾಳಿ ಬಾರದ ದಕ್ಷಿಣದವರು! ಅದಕ್ಕೂ ಹಿಂದೆ 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗನ್ನು ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕೂಡ ಆಟಗಾರರಿಗಾಗಿ ಬೆಂಗಳೂರಿನವರೆಗೆ ಬಲೆ ಬೀಸಿತ್ತು. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆಂಬುದನ್ನು ನೆನೆದರೆ ಆ ಬಲೆ ಇತ್ತ ಬಂದದ್ದು ಅಚ್ಚರಿಯಲ್ಲ.

ನಾಲ್ಕನೆಯದು ನಿಷ್ಠೆ. ಚರ್ಚೆ ಬಿಸಿಯೇರುವುದು ಇಲ್ಲಿಯೇ. ಹಳಗನ್ನಡದಲ್ಲಿ 'ಜೋಳದ ಪಾಳಿ' ಎಂಬ ಮಾತಿದೆ. ತಿಂದ ಅನ್ನಕ್ಕೆ ಋಣ ತೀರಿಸುವ ವ್ರತ ಅದು. ಪಂಪನ ಕರ್ಣ ನಮ್ಮ ಕಣ್ಣಲ್ಲಿ ನೀರು ತರಿಸುವುದು ಈ ಕಾರಣದಿಂದಲೇ. ಎದುರು ದಳದವರು ತನ್ನ ಒಡಹುಟ್ಟಿದವರೆಂದು ತಿಳಿದ ಮೇಲೂ, ರಾಜ್ಯವೇ ಸಿಗುವುದೆಂದು ತಿಳಿದ ಮೇಲೂ, ಅವನು ದಳ ಬದಲಿಸಲಿಲ್ಲ. ಪ್ರತಿಯೊಬ್ಬ ಅಭಿಮಾನಿಯೂ ತನ್ನ ಆಟಗಾರನಲ್ಲಿ ಕರ್ಣನನ್ನು ಹುಡುಕುತ್ತಾನೆ. ಎದುರು ದಳದ ಆಟಗಾರ ಮಾತ್ರ ತನ್ನತ್ತ ಬರಬೇಕು, ಆಗ ಅದು ದ್ರೋಹವಲ್ಲ, ವಿವೇಕ!

ಆದರೆ ಆಟಗಾರನ ಕಡೆಯಿಂದಲೂ ಒಂದು ಮಾತಿದೆ. ಅವನ ಕಾಲುಗಳಿಗೆ ಹತ್ತು ಹನ್ನೆರಡು ವರ್ಷದ ಆಯುಸ್ಸು. ಮೊಣಕಾಲು ಒಮ್ಮೆ ತಿರುಚಿತೆಂದರೆ ಅಭಿಮಾನಿಗಳ ಜಯಕಾರದಿಂದ ಮನೆಯ ಒಲೆ ಉರಿಯುವುದಿಲ್ಲ. ಹೈದರಾಬಾದಿನ ಮಹಮ್ಮದ್ ಹಬೀಬ್ 1966ರಲ್ಲಿ ಈಸ್ಟ್ ಬೆಂಗಾಲಿಗೆ ಬಂದು, ಮುಂದೆ ಮೂರು ಕ್ಲಬ್ಬುಗಳಿಗೂ ಆಡಿ, ಹಲವು ಬಾರಿ ಅತ್ತಿತ್ತ ಹೋದವರು. 2023ರಲ್ಲಿ ಅವರು ತೀರಿಕೊಂಡಾಗ ಮೂರೂ ಕಡೆಯವರು ಅವರನ್ನು 'ಬಡೇ ಮಿಯಾ' ಎಂದು ಗೌರವದಿಂದಲೇ ನೆನೆದರು. ಯಾವ ಅಂಗಿ ತೊಟ್ಟರೂ ಅದರೊಳಗೆ ಜೀವ ಬಿಟ್ಟು ಆಡುತ್ತಿದ್ದರು ಎಂಬುದೇ ಅದಕ್ಕೆ ಕಾರಣ. ನಿಷ್ಠೆಯೆಂಬುದು ಉಳಿದ ವರ್ಷಗಳ ಲೆಕ್ಕವೋ, ಇದ್ದ ದಿನ ದುಡಿದ ರೀತಿಯೋ? ನನ್ನ ಮಟ್ಟಿಗೆ ಇದು ಬರಿಯ ಪ್ರಶ್ನೆಯಲ್ಲ. ತರುಣನಾಗಿದ್ದಾಗ ಸಂಸಾರದ ಭಾರಕ್ಕಾಗಿ ಒಂದು ಕಾಲೇಜನ್ನು ಬಿಟ್ಟು ಹೆಚ್ಚು ಸಂಬಳದ ಇನ್ನೊಂದಕ್ಕೆ ಹೋದೆ. "ಹಾಗಾದರೆ ನಮಗೆ ಕರ್ಣನ ಪಾಠ ಯಾರು ಮುಗಿಸುತ್ತಾರೆ ಸಾರ್?" ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಅವನು ವ್ಯಂಗ್ಯವಾಗಿ ಕೇಳಿದನೋ ಮುಗ್ಧವಾಗಿ ಕೇಳಿದನೋ, ಇಂದಿಗೂ ನಿರ್ಧರಿಸಲಾರೆ.

ಈಗ ನಿಯಮಗಳು ಬೇರೆ. 1995ರ ಡಿಸೆಂಬರಿನಲ್ಲಿ ಬೆಲ್ಜಿಯಮ್ಮಿನ ಆಟಗಾರ ಬಾಸ್ಮನ್ ಹೂಡಿದ್ದ ಮೊಕದ್ದಮೆಯಲ್ಲಿ ಯೂರೋಪಿನ ನ್ಯಾಯಾಲಯ ಕೊಟ್ಟ ತೀರ್ಪಿನಿಂದ, ಕರಾರು ಮುಗಿದ ಆಟಗಾರನನ್ನು ಹಳೆಯ ಕ್ಲಬ್ಬು ಹಣ ಕೇಳಿ ತಡೆಯುವಂತಿಲ್ಲವೆಂದಾಯಿತು. ಕರಾರು ಇನ್ನೂ ಉಳಿದಿದ್ದರೆ ಕೊಳ್ಳುವ ಕ್ಲಬ್ಬು ಬಿಡುವ ಕ್ಲಬ್ಬಿನೊಡನೆ ಬೆಲೆ ಕುದುರಿಸಬೇಕು. ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರ ತಾನೇ ಬೇರೆಯವರೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಬಚ್ಚಿಡುವ ಕಾಲ ಹೋಗಿ ವಕೀಲರ, ಮಧ್ಯವರ್ತಿಗಳ ಕಾಲ ಬಂದಿದೆ. ಕ್ಲಬ್ಬುಗಳೂ ಕೈ ಬದಲಿಸುತ್ತಿವೆ. 2020ರಲ್ಲಿ ಮೋಹನ್ ಬಾಗಾನಿನ ಹೆಸರಿನ ಮುಂದೆ ಇನ್ನೊಂದು ತಂಡದ ಹೆಸರು ಸೇರಿದಾಗ ಅಭಿಮಾನಿಗಳು ಬೀದಿಗಿಳಿದರು. 2023ರ ಮಾರ್ಚಿನಲ್ಲಿ ಆ ತಂಡ ಗೋವೆಯಲ್ಲಿ ನಮ್ಮ ಬೆಂಗಳೂರು ತಂಡವನ್ನು ಸೋಲಿಸಿ ಪ್ರಶಸ್ತಿ ಗೆದ್ದ ರಾತ್ರಿಯೇ ಆ ಸೇರ್ಪಡೆಯ ಹೆಸರನ್ನು ಕೈಬಿಡುವುದಾಗಿ ಮಾಲೀಕರು ಸಾರಿದರು. ಹಣ ಹೂಡದ, ಷೇರು ಇಲ್ಲದ ಜನ ಗದ್ದಲದಿಂದಲೇ ಒಂದು ಹೆಸರನ್ನು ಉಳಿಸಿಕೊಂಡರು. ಅಭಿಮಾನಿಯ ವಾದ ವ್ಯರ್ಥವಲ್ಲವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಹಾಗೆಂದು ಅಭಿಮಾನವನ್ನು ಬರಿದೇ ಹೊಗಳಲಾಗದು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಪಂದ್ಯದ ವೇಳೆ ಗಲಭೆಯೆದ್ದು ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಬೆಳಿಗ್ಗೆ ಮನೆಯಲ್ಲಿ ವಾದಿಸಿ ಹೊರಟವರು ಸಂಜೆ ಹಿಂದಿರುಗಲಿಲ್ಲ. ವಾದ ಮಾಡುವವನಿಗೆ ಎದುರಾಳಿ ಬೇಕು. ಎದುರಾಳಿಯೇ ಇರಬಾರದೆನ್ನುವವನು ವಾದವನ್ನು ಬಿಟ್ಟು ಬೇರೇನನ್ನೋ ಹಿಡಿದಿರುತ್ತಾನೆ.

ಅದೇ 1980ರ ಇನ್ನೊಂದು ಕಥೆಯನ್ನು ಹೇಳಿ ಮುಗಿಸುತ್ತೇನೆ. ಆ ವರ್ಷ ಈಸ್ಟ್ ಬೆಂಗಾಲಿನ ಹೆಸರಾಂತ ಆಟಗಾರರು ಹಲವರು ಬಿಟ್ಟುಹೋಗಿ ತಂಡ ಬರಿದಾಗಿತ್ತು. ಅಲಿಗಢದಲ್ಲಿ ಓದುತ್ತಿದ್ದ ಇರಾನಿನ ವಿದ್ಯಾರ್ಥಿಗಳಾದ ಮಜೀದ್ ಬಿಷ್ಕರ್, ಜಮ್ಷೀದ್ ನಸ್ಸೀರಿಯವರನ್ನು ಕ್ಲಬ್ಬು ಕರೆತಂದಿತು. ಹೆಸರು ಕೇಳರಿಯದವರು. ಆ ಮಜೀದ್ ಚೆಂಡನ್ನು ಕಾಲಿಗೆ ತೆಗೆದುಕೊಂಡ ಮೇಲೆ ಕಲ್ಕತ್ತೆ ಅಂಥ ವಿದೇಶೀ ಆಟಗಾರನನ್ನು ಕಂಡಿಲ್ಲವೆಂದು ಹೇಳುವವರು ಇಂದಿಗೂ ಇದ್ದಾರೆ. ಎರಡೇ ವರ್ಷ ಅಲ್ಲಿದ್ದು 1982ರಲ್ಲಿ ಅವರು ಮೊಹಮ್ಮಡನ್ ಸ್ಪೋರ್ಟಿಂಗಿಗೆ ಹೋದರು. ಕೆಲಕಾಲದ ಮೇಲೆ ಊರನ್ನೇ ಬಿಟ್ಟರು. 2019ರಲ್ಲಿ ಈಸ್ಟ್ ಬೆಂಗಾಲ್ ನೂರನೆಯ ವರ್ಷಕ್ಕೆ ಅಡಿಯಿಟ್ಟಾಗ ಅವರನ್ನು ಇರಾನಿನಿಂದ ಮತ್ತೆ ಕರೆಸಿತು. ವಿಮಾನನಿಲ್ದಾಣದಲ್ಲಿ ಅಭಿಮಾನಿಗಳ ಗುಂಪು ಕಾದಿತ್ತು. ಅವರು ಆಡಿದ್ದನ್ನು ಕಣ್ಣಾರೆ ಕಾಣದ, ತಂದೆಯ ಬಾಯಲ್ಲಿ ಕೇಳಿ ಬೆಳೆದ ಹುಡುಗರೂ ಅಲ್ಲಿದ್ದರು. ದಳ ಬಿಟ್ಟುಹೋದದ್ದನ್ನು ಯಾರೂ ಎತ್ತಲಿಲ್ಲ.

ಅಂದಹಾಗೆ, 1991ರಲ್ಲಿ ಚೀಮಾ ಮೋಹನ್ ಬಾಗಾನಿಗೆ ಬಂದೇ ಬಂದರು. ಕೆಲವು ತಿಂಗಳ ಮೇಲೆ ನನ್ನ ಅಧ್ಯಾಪಕ ಮಿತ್ರರು ಕಾಗದ ಬರೆದಿದ್ದರು. ಇನ್ನು ಮೈದಾನಕ್ಕೆ ಕಾಲಿಡುವುದಿಲ್ಲವೆಂದು ಶಪಥ ಮಾಡಿದ್ದ ತಂದೆಯವರು ಶಪಥವನ್ನು ಉಳಿಸಿಕೊಂಡಿದ್ದಾರಂತೆ. ಆದರೆ ಪಂದ್ಯದ ದಿನ ಟ್ರಾನ್ಸಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಚೀಮಾ ಗೋಲು ಹೊಡೆದಾಗ ಒಂದು ಮಾತನ್ನೂ ಆಡುವುದಿಲ್ಲ. ಪಕ್ಕದ ಮನೆಗೂ ಕೇಳುವಷ್ಟು ಧ್ವನಿಯನ್ನು ಏರಿಸುತ್ತಾರೆ, ಅಷ್ಟೇ.